ಮುಚ್ಚಳ ಮೂರು ಇಂಚು ಎದ್ದ ರಾತ್ರಿ

1996ರ ಮೇ 28, ನಸುಕಿನ ಎರಡೂ ಮುಕ್ಕಾಲು ಗಂಟೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಶಿಗನ್ ಸರೋವರದ ದಂಡೆಯ ಪಾಯಿಂಟ್ ಬೀಚ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿಯವರು ಒಂದು ಉಕ್ಕಿನ ಹಂಡೆಯ ಬಾಯಿ ಮುಚ್ಚುತ್ತಿದ್ದರು. ಹಂಡೆಯೊಳಗೆ ರಿಯಾಕ್ಟರಿನಲ್ಲಿ ಉರಿದು ಮುಗಿದ ಇಂಧನವಿತ್ತು. ಮುಚ್ಚಳವೆಂದರೆ ಸಣ್ಣದಲ್ಲ: 9 ಇಂಚು ದಪ್ಪ, ಸುಮಾರು 2,900 ಕಿಲೋ ತೂಕ. ಅದರ ಅಂಚನ್ನು ಹಂಡೆಯ ಗೋಡೆಗೆ ವೆಲ್ಡ್ ಮಾಡುತ್ತಿದ್ದಾಗ ಒಳಗೆ ಏನೋ ಭಗ್ಗೆಂದು ಹೊತ್ತಿಕೊಂಡಿತು. ಅಷ್ಟು ಭಾರದ ಮುಚ್ಚಳ ಮೇಲಕ್ಕೆ ನೆಗೆದು, ಓರೆಯಾಗಿ ಕೂತಿತು. ಒಂದು ಕಡೆಯ ಅಂಚು ಇರಬೇಕಾದ ಮಟ್ಟಕ್ಕಿಂತ ಸುಮಾರು ಮೂರು ಇಂಚು ಮೇಲಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ಇಂಧನಕ್ಕೆ ಹಾನಿಯಾಗಲಿಲ್ಲ, ವಿಕಿರಣ ಹೊರಗೆ ಬರಲಿಲ್ಲ. ಆದರೂ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ, ಅಂದರೆ ಎನ್‌ಆರ್‌ಸಿ, ವಿಶೇಷ ತನಿಖಾ ತಂಡವನ್ನೇ ಕಳುಹಿಸಿತು. ಹೊತ್ತಿಕೊಂಡದ್ದು ಹೈಡ್ರೋಜನ್. ಆದರೆ ಆ ಹಂಡೆಯ ಯಾವ ನಕ್ಷೆಯಲ್ಲೂ, ಯಾವ ಕಾರ್ಯವಿಧಾನದಲ್ಲೂ ಹೈಡ್ರೋಜನ್‌ಗೆ ಜಾಗವಿರಲಿಲ್ಲ. ಹಾಗಾದರೆ ಅದು ಬಂದದ್ದು ಎಲ್ಲಿಂದ?

ಉತ್ತರ ಸಿಕ್ಕಿದ್ದು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇರುವಂಥ ಒಂದು ಪಾಠದಲ್ಲಿ. ಈ ಕತೆ ನನ್ನನ್ನು ಹಿಡಿದಿಟ್ಟಿರುವುದು ಅದಕ್ಕೇ.

ಮೊದಲು ಹಂಡೆಗಳು ಯಾಕೆ ಬೇಕಾದವು ಎಂಬುದು. ರಿಯಾಕ್ಟರಿನಿಂದ ತೆಗೆದ ಇಂಧನ ವರ್ಷಗಟ್ಟಲೆ ಬಿಸಿ ಸೂಸುತ್ತಲೇ ಇರುತ್ತದೆ. ಅದನ್ನು ಆಳವಾದ ನೀರಿನ ಕೊಳದಲ್ಲಿ ಮುಳುಗಿಸಿಡುತ್ತಾರೆ. ನೀರು ತಂಪನ್ನೂ ಕೊಡುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಕೆಲವು ವರ್ಷ ಅಲ್ಲಿಟ್ಟು, ಆಮೇಲೆ ಬೇರೆಡೆಗೆ ಸಾಗಿಸುವುದು ಎಂಬ ಲೆಕ್ಕದಲ್ಲಿ ಅಮೆರಿಕದ ಕೊಳಗಳನ್ನು ಕಟ್ಟಿದ್ದರು. ಆ ಬೇರೆಡೆ ಎಂಬುದು ಹುಟ್ಟಲೇ ಇಲ್ಲ. 1982ರ ಕಾಯ್ದೆ ಬಂದ ಮೇಲೆ ಸರ್ಕಾರ ಒಂದು ಗಡುವು ಒಪ್ಪಿಕೊಂಡಿತು: 1998ರ ಜನವರಿ 31ರಿಂದ ಈ ಇಂಧನವನ್ನು ತಾನೇ ಒಯ್ಯುತ್ತೇನೆ ಎಂದು. ಸ್ಥಾವರಗಳು ಕಾದವು. ಕೊಳಗಳಲ್ಲಿ ಇಂಧನವನ್ನು ಒತ್ತೊತ್ತಾಗಿ ಜೋಡಿಸಿದವು. ಜಾಗ ತೀರುತ್ತ ಬಂದಾಗ ಕೊಳದ ಹೊರಗೆ, ಒಣನೆಲದ ಮೇಲೆ ಇಡುವ ದಾರಿ ಹುಡುಕಿದವು. 1986ರಲ್ಲಿ ವರ್ಜೀನಿಯಾದ ಸರ್ರಿ ಸ್ಥಾವರಕ್ಕೆ ಅಂಥ ಮೊದಲ ಪರವಾನಗಿ ಸಿಕ್ಕಿತು.

ಆಗ ಒಂದೊಂದು ಸ್ಥಾವರವೂ ತನ್ನ ಜಾಗಕ್ಕೆ ತಾನೇ ಅನುಮತಿ ಪಡೆಯಬೇಕಿತ್ತು. 1990ರಲ್ಲಿ ನಿಯಮ ಬದಲಾಯಿತು. ಎನ್‌ಆರ್‌ಸಿ ಒಂದು ಮಾದರಿಯ ಕ್ಯಾಸ್ಕನ್ನು, ಅಂದರೆ ಇಂಧನವನ್ನು ಒಣನೆಲದ ಮೇಲೆ ಇಡುವ ಪಾತ್ರೆಯನ್ನು, ಒಮ್ಮೆ ಪರಿಶೀಲಿಸಿ ಪ್ರಮಾಣಪತ್ರ ಕೊಟ್ಟರೆ ಸಾಕು, ಪರವಾನಗಿ ಇರುವ ಯಾವ ಪರಮಾಣು ವಿದ್ಯುತ್ ಸ್ಥಾವರವಾದರೂ ಅದನ್ನು ತಂದು ಬಳಸಬಹುದು. ಕೆಲಸ ಹಗುರವಾಯಿತು. ಜೊತೆಗೇ ಆ ಒಂದು ಪರಿಶೀಲನೆಯ ಮೇಲೆ ಬಿದ್ದ ಭಾರ ಎಷ್ಟೋ ಪಟ್ಟು ಹೆಚ್ಚಿತು. ಅಲ್ಲಿ ಕಣ್ತಪ್ಪಿದ್ದು ಎಲ್ಲ ಕಡೆಯೂ ಕಣ್ತಪ್ಪಿದಂತೆಯೇ.

ಸಿಯೆರ್ರಾ ನ್ಯೂಕ್ಲಿಯರ್ ಎಂಬ ಕಂಪನಿಯ ವಿಎಸ್‌ಸಿ-24 ಎಂಬ ಮಾದರಿಗೆ ಈ ದಾರಿಯಲ್ಲಿ 1993ರ ಮೇ ತಿಂಗಳಲ್ಲಿ ಪ್ರಮಾಣಪತ್ರ ಸಿಕ್ಕಿತು. ಸರಳವಾದ, ಜಾಣ ವಿನ್ಯಾಸ. ಒಳಗೆ ಉಕ್ಕಿನ ಹಂಡೆ, ಅದರಲ್ಲಿ 24 ಚೌಕ ಕೊಳವೆಗಳು, ಕೊಳವೆಗೊಂದು ಇಂಧನ ಕಟ್ಟು. ಹಂಡೆಯ ಸುತ್ತ ದಪ್ಪ ಕಾಂಕ್ರೀಟಿನ ಕೋಟೆ. ಕೋಟೆಯ ಬುಡದಲ್ಲಿ ಗಾಳಿಗಂಡಿ, ನೆತ್ತಿಯಲ್ಲಿ ಗಾಳಿಗಂಡಿ. ತಣ್ಣನೆಯ ಗಾಳಿ ಕೆಳಗಿಂದ ನುಗ್ಗಿ, ಹಂಡೆಯ ಮೈ ಸವರಿ ಬಿಸಿಯಾಗಿ, ಮೇಲಿಂದ ತಾನಾಗಿಯೇ ಹೊರಟುಹೋಗುತ್ತದೆ. ಫ್ಯಾನ್ ಬೇಡ, ಪಂಪ್ ಬೇಡ, ಕರೆಂಟೂ ಬೇಡ.

ಹಂಡೆಯನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡದೆ ಕಾರ್ಬನ್ ಸ್ಟೀಲಿನಲ್ಲಿ ಮಾಡಿದ್ದರು. ಕಾರ್ಬನ್ ಸ್ಟೀಲ್ ಅಗ್ಗ, ಆದರೆ ನೀರಿಗೆ ಇಳಿಸಿದರೆ ತುಕ್ಕು ಹಿಡಿಯುತ್ತದೆ. ಇಂಧನ ತುಂಬುವ ಕೆಲಸವೆಲ್ಲ ನಡೆಯುವುದು ಕೊಳದ ನೀರಿನಡಿಯಲ್ಲೇ. ತುಕ್ಕು ಕರಗಿದರೆ ಕೊಳದ ನೀರು ಕೆಡುತ್ತದೆ. ಆದ್ದರಿಂದ ಕಾರ್ಬೋ ಜಿಂಕ್ 11 ಎಂಬ ಲೇಪ ಬಳಿದರು. ಹೆಸರೇ ಹೇಳುವಂತೆ ಅದರ ಜೀವಾಳ ಸತು. ಉಕ್ಕಿನ ಬದಲು ತಾನು ಸವೆದು ಉಕ್ಕನ್ನು ಕಾಯುವುದು ಸತುವಿನ ಗುಣ. ನಮ್ಮ ತಗಡಿನ ಬಕೆಟ್, ಗ್ಯಾಲ್ವನೈಸ್ಡ್ ಪೈಪುಗಳೆಲ್ಲ ಇದೇ ಗುಣದಿಂದ ಬಾಳುವವು.

ನಮ್ಮ ಮನೆಯಲ್ಲಿ ಹಿತ್ತಾಳೆ ಪಾತ್ರೆಗಳಿಗೆ ವರ್ಷಕ್ಕೊಮ್ಮೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿ ಸವೆದ ಪಾತ್ರೆಯಲ್ಲಿ ಅಜ್ಜಿ ನೀರು ಕಾಯಿಸಿಯಾರು, ಹುಳಿ ಮಾತ್ರ ಮಾಡುತ್ತಿರಲಿಲ್ಲ. ಹುಣಸೆ ರಸ ಬಿದ್ದರೆ ಕಿಲುಬುತ್ತದೆ ಎನ್ನುತ್ತಿದ್ದರು. ಪಾತ್ರೆ ಗಟ್ಟಿಯೇ, ಲೇಪ ಗಟ್ಟಿಯೇ ಎಂದಷ್ಟೇ ಕೇಳಿ ಅವರು ಸುಮ್ಮನಾಗುತ್ತಿರಲಿಲ್ಲ. ಅದರೊಳಗೆ ಬೀಳುವುದು ಏನು, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಸೇರಿಸಿಯೇ ನೋಡುತ್ತಿದ್ದರು. ಪಾಯಿಂಟ್ ಬೀಚ್‌ನ ಹಂಡೆಯ ವಿಚಾರದಲ್ಲಿ ತಪ್ಪಿಹೋದದ್ದು ಇದೇ ಜೋಡಿ ಪ್ರಶ್ನೆ.

ಹಂಡೆಯೊಳಗೆ ಬಿದ್ದದ್ದು ಬರಿಯ ನೀರಲ್ಲ. ಪಾಯಿಂಟ್ ಬೀಚ್‌ನಲ್ಲಿರುವ ಬಗೆಯ ರಿಯಾಕ್ಟರುಗಳ ಕೊಳದ ನೀರಿಗೆ ಬೋರಿಕ್ ಆಮ್ಲ ಬೆರೆಸಿರುತ್ತಾರೆ. ಕೇರಂ ಬೋರ್ಡಿನ ಮೇಲೆ ಕಾಯಿ ಜಾರಲೆಂದು ಚಿಮುಕಿಸುವ ಬಿಳಿ ಪುಡಿಯೇ ಅದು. ಬೋರಾನ್ ನ್ಯೂಟ್ರಾನ್‌ಗಳನ್ನು ನುಂಗುತ್ತದೆ. ಹಾಗಾಗಿ ಇಂಧನದ ಕಟ್ಟುಗಳು ಹತ್ತಿರ ಹತ್ತಿರ ಕೂತರೂ ಸರಣಿಕ್ರಿಯೆ ಹೊತ್ತಿಕೊಳ್ಳುವುದಿಲ್ಲ. (ನಮ್ಮ ಕೈಗಾದ ಭಾರಜಲ ರಿಯಾಕ್ಟರುಗಳ ಇಂಧನ ಸಹಜ ಯುರೇನಿಯಂ. ಅದು ಸಾಮಾನ್ಯ ನೀರಿನಲ್ಲಿ ಸರಣಿಕ್ರಿಯೆ ನಡೆಸಲಾರದು, ಆದ್ದರಿಂದ ಅಲ್ಲಿನ ಕೊಳಕ್ಕೆ ಬೋರಾನ್ ಬೇಕಿಲ್ಲ.) ಬೋರಿಕ್ ಆಮ್ಲ ತೀರ ಸಾಧು ಆಮ್ಲ, ಕಣ್ಣು ತೊಳೆಯುವುದಕ್ಕೂ ಹಿಂದೆ ಬಳಸುತ್ತಿದ್ದರು. ಸಾಧುವಾದರೂ ಆಮ್ಲ ಆಮ್ಲವೇ.

ಈಗ ಆ ರಾತ್ರಿಯ ಕೆಲಸದ ಕ್ರಮ ನೋಡಿ. ಹಂಡೆಯನ್ನು ಕೊಳದ ತಳಕ್ಕೆ ಇಳಿಸುತ್ತಾರೆ. ನೀರಿನಡಿಯಲ್ಲೇ ಒಂದೊಂದಾಗಿ ಇಂಧನ ಕಟ್ಟುಗಳನ್ನು ಕೊಳವೆಗಳಿಗೆ ಬಿಡುತ್ತಾರೆ. ಮುಚ್ಚಳ ಕೂರಿಸುತ್ತಾರೆ. ನೀರು ತುಂಬಿದಂತೆಯೇ ಹಂಡೆಯನ್ನು ಮೇಲೆತ್ತಿ, ವೆಲ್ಡಿಂಗ್ ಮಾಡುವ ಜಾಗಕ್ಕೆ ತರುತ್ತಾರೆ. ನೀರು ಮುಚ್ಚಳಕ್ಕೆ ತಾಕುತ್ತಿದ್ದರೆ ಬೆಸುಗೆ ಕೂರುವುದಿಲ್ಲ, ಆದ್ದರಿಂದ ಸ್ವಲ್ಪ ನೀರು ಹೊರತೆಗೆಯುತ್ತಾರೆ. ಮುಚ್ಚಳದ ಕೆಳಗೆ ಖಾಲಿ ಜಾಗ ಉಂಟಾಗುವುದು ಆಗಲೇ. ಬೆಸುಗೆಯಾದ ಮೇಲೆ ಉಳಿದ ನೀರನ್ನೆಲ್ಲ ಬಸಿದು, ನಿರ್ವಾತದಲ್ಲಿ ಒಣಗಿಸಿ, ಹೀಲಿಯಂ ತುಂಬಿ ಮೊಹರು ಮಾಡುತ್ತಾರೆ. ಅಲ್ಲಿಂದ ಮುಂದೆ ಹಂಡೆಗೆ ನೀರಿನ ಸಂಗವಿಲ್ಲ.

ತನಿಖೆಗೆ ಹೊರಟವರ ಮುಂದೆ ಪರಮಾಣು ಲೋಕದಲ್ಲಿ ಹೆಸರಾದ ಎರಡು ಹೈಡ್ರೋಜನ್ ಮೂಲಗಳಿದ್ದವು. ಒಂದು, ಇಂಧನ ಸರಳಿನ ಜಿರ್ಕೋನಿಯಂ ಹೊದಿಕೆ ವಿಪರೀತ ಕಾದು ಹಬೆಯೊಡನೆ ವರ್ತಿಸುವುದು. 1979ರಲ್ಲಿ ತ್ರೀ ಮೈಲ್ ಐಲೆಂಡ್‌ನಲ್ಲಿ ಆದದ್ದು ಅದು, ಮುಂದೆ 2011ರಲ್ಲಿ ಫುಕುಶಿಮಾದ ಕಟ್ಟಡಗಳನ್ನು ಸೀಳಿದ್ದೂ ಅದೇ. ಆದರೆ ಅದಕ್ಕೆ ನಿಗಿನಿಗಿ ಕೆಂಡದ ಬಿಸಿ ಬೇಕು. ಇಲ್ಲಿ ಇಂಧನ ನೀರಿನಲ್ಲಿ ಮುಳುಗಿ ತಣ್ಣಗಿತ್ತು. ಇನ್ನೊಂದು, ವಿಕಿರಣ ನೀರನ್ನೇ ಒಡೆದು ಹೈಡ್ರೋಜನ್ ಬಿಡಿಸುವುದು. ಅದು ನಿಧಾನದ ಕೆಲಸ. ಕೆಲವೇ ಗಂಟೆಗಳಲ್ಲಿ 2,900 ಕಿಲೋ ಎತ್ತುವಷ್ಟು ಅನಿಲ ಅದರಿಂದ ಹೊರಡುವುದಿಲ್ಲ.

ಉಳಿದದ್ದು ಬಣ್ಣ. ಬರೀ ಬಣ್ಣ. ಸತುವಿನ ಲೇಪವಿರುವ ಲೋಹ, ಅದರ ಮೇಲೆ ಸೌಮ್ಯ ಆಮ್ಲ. ನಾನು ಹತ್ತನೇ ತರಗತಿಯಲ್ಲಿದ್ದಾಗ ಮೇಷ್ಟ್ರು ಪ್ರನಾಳಕ್ಕೆ ಸತುವಿನ ಚೂರು ಹಾಕಿ, ದುರ್ಬಲಗೊಳಿಸಿದ ಆಮ್ಲ ಸುರಿದು ತೋರಿಸಿದ್ದು ನೆನಪಿದೆ. ಗುಳ್ಳೆಗಳು ಏಳುತ್ತವೆ. ಬಾಯಿಯ ಹತ್ತಿರ ಉರಿಯುವ ಕಡ್ಡಿ ಹಿಡಿದರೆ ‘ಪಾಪ್’ ಎಂಬ ಸದ್ದು. ಇಡೀ ತರಗತಿ ಆ ಸದ್ದಿಗೇ ಕಾದಿರುತ್ತಿತ್ತು. ಪಾಯಿಂಟ್ ಬೀಚ್‌ನಲ್ಲಿ ಪ್ರನಾಳದ ಜಾಗದಲ್ಲಿ ಉಕ್ಕಿನ ಹಂಡೆ, ಸತುವಿನ ಚೂರಿನ ಜಾಗದಲ್ಲಿ 24 ಕೊಳವೆಗಳ ಮೈತುಂಬ ಬಳಿದ ಲೇಪ, ಕಡ್ಡಿಯ ಜಾಗದಲ್ಲಿ ವೆಲ್ಡಿಂಗ್ ಕಿಡಿ. ಮುಚ್ಚಳದ ಕೆಳಗಿನ ಆ ಖಾಲಿ ಜಾಗದಲ್ಲಿ ಗುಳ್ಳೆಗಳು ಗಂಟೆಗಟ್ಟಲೆ ಒಟ್ಟುಗೂಡಿದ್ದವು. ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4ರಷ್ಟು ಸೇರಿದರೂ ಹೊತ್ತಿಕೊಳ್ಳಬಲ್ಲದು. ಶೇಕಡಾ 75ರವರೆಗೂ ಅದು ಅಪಾಯವೇ.

ಆಮ್ಲ ಸೌಮ್ಯವಾದ್ದರಿಂದ ಒಂದು ಅಂಗೈಯಗಲದ ಲೇಪದಿಂದ ಹೊರಡುವ ಅನಿಲ ಲೆಕ್ಕಕ್ಕೇ ಸಿಗದಷ್ಟು. ಆದರೆ ಹಂಡೆಯ ಒಳಗಿನ ಎಲ್ಲ ಮೇಲ್ಮೈಯನ್ನೂ ಬಿಡಿಸಿ ಹರಡಿದರೆ ಅದೊಂದು ಅಂಗಳ. ಪುಟ್ಟ ಕ್ರಿಯೆ, ದೊಡ್ಡ ಅಂಗಳ, ಉದ್ದನೆಯ ರಾತ್ರಿ. ಪ್ಯಾಲಿಸೇಡ್ಸ್ ಎಂಬ ಮಿಶಿಗನ್ ರಾಜ್ಯದ ಸ್ಥಾವರದಲ್ಲಿ 1993ರಿಂದಲೇ ಇದೇ ಮಾದರಿಯ ಹಂಡೆಗಳನ್ನು ತುಂಬುತ್ತಿದ್ದರು. ಅದೇ ಲೇಪ, ಅದೇ ಬೋರಾನ್ ನೀರು. ಅಂದರೆ ಗುಳ್ಳೆಗಳು ಅಲ್ಲೂ ಎದ್ದಿರಲೇಬೇಕು. ಅನಿಲ, ಗಾಳಿ, ಕಿಡಿ ಮೂರೂ ಸರಿಯಾದ ಅಳತೆಯಲ್ಲಿ ಕೂಡಿದ್ದು ಪಾಯಿಂಟ್ ಬೀಚ್‌ನಲ್ಲಿ. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವುದು ಇದೇ: ಇಷ್ಟು ದಿನ ಏನೂ ಆಗಿಲ್ಲ ಎಂಬ ಮಾತು ಇಲ್ಲಿ ಯಾವುದಕ್ಕೂ ಸಾಕ್ಷಿಯಾಗಲಿಲ್ಲ.

ಅನುಮತಿ ಕೊಟ್ಟವರು ಅಸಡ್ಡೆ ಮಾಡಿದರೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಹಂಡೆ ಎಂದಾಗ ಎಲ್ಲರ ಕಣ್ಣಿಗೆ ಬೀಳುವುದು ಅದು ಬಯಲಿನಲ್ಲಿ ನಿಂತು ಕಳೆಯಬೇಕಾದ ದಶಕಗಳು: ಭೂಕಂಪ, ಸುಂಟರಗಾಳಿ, ಬಿಸಿ, ವಿಕಿರಣ. ಲೇಪವನ್ನೂ ಆ ಕಣ್ಣಿನಿಂದಲೇ ನೋಡುತ್ತಾರೆ, ಬಿಸಿಗೆ ಸಿಪ್ಪೆ ಏಳದೆ ಬಾಳುತ್ತದೆಯೇ ಎಂದು. ಹಂಡೆಯ ಹುಟ್ಟಿನ ಒಂದೆರಡು ದಿನ, ಅದು ನೀರು ಕುಡಿದು ನಿಂತಿರುವ ಹೊತ್ತು, ದಶಕಗಳ ಪಕ್ಕದಲ್ಲಿ ಏನೂ ಅಲ್ಲ ಎನಿಸುತ್ತದೆ. ಆದರೆ ಆ ಹೊತ್ತಿನಲ್ಲೇ ಮುಚ್ಚಳ ಇನ್ನೂ ಸಡಿಲ, ಮನುಷ್ಯರು ಅದರ ಪಕ್ಕದಲ್ಲೇ ಇರುತ್ತಾರೆ, ಬೆಂಕಿಯೂ ಇರುತ್ತದೆ. ರಸಾಯನ ಬಲ್ಲವರು ಎಲ್ಲ ಕಡೆಯೂ ಇದ್ದರು. ಲೇಪದ ಕಾಗದ ಒಬ್ಬರ ಕೈಯಲ್ಲಿ, ನೀರಿನ ಕಾಗದ ಇನ್ನೊಬ್ಬರ ಕೈಯಲ್ಲಿ, ಬೆಸುಗೆಯ ಕಾಗದ ಮತ್ತೊಬ್ಬರ ಕೈಯಲ್ಲಿ. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿದ್ದರೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಬೆರಳಿಟ್ಟು ತೋರಿಸುತ್ತಿದ್ದಳು.

ಕಾಲವೂ ಎನ್‌ಆರ್‌ಸಿಗೆ ಕಠಿಣವಾಗಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಟೈಮ್ ಪತ್ರಿಕೆ, ಕನೆಕ್ಟಿಕಟ್‌ನ ಮಿಲ್‌ಸ್ಟೋನ್ ಸ್ಥಾವರದ ಇಂಧನ ಕೊಳದ ಬಗ್ಗೆ ದನಿ ಎತ್ತಿದ ಎಂಜಿನಿಯರ್ ಜಾರ್ಜ್ ಗಲಾಟಿಸ್ ಅವರ ಕತೆಯನ್ನು ಮುಖಪುಟಕ್ಕೆ ತಂದು, ನಿಯಂತ್ರಕರ ಕಣ್ಗಾವಲನ್ನೇ ಪ್ರಶ್ನಿಸಿತ್ತು. ಆಯೋಗದ ಅಧ್ಯಕ್ಷೆಯಾಗಿ ಭೌತವಿಜ್ಞಾನಿ ಶೆರ್ಲಿ ಆನ್ ಜಾಕ್ಸನ್ ಬಂದು ಒಂದು ವರ್ಷವೂ ತುಂಬಿರಲಿಲ್ಲ.

ಈ ಬಾರಿ ಆಯೋಗ ತಡಮಾಡಲಿಲ್ಲ. ಘಟನೆಯಾದ ಕೆಲವೇ ದಿನಗಳಲ್ಲಿ ಎಲ್ಲ ಸ್ಥಾವರಗಳಿಗೆ ಮಾಹಿತಿ ಪತ್ರ ಹೋಯಿತು. ಜುಲೈ 5ರಂದು ಬುಲೆಟಿನ್ 96-04 ಹೊರಟಿತು. ಅದು ವಿಎಸ್‌ಸಿ-24 ಒಂದಕ್ಕೇ ಸೀಮಿತವಾಗಿರಲಿಲ್ಲ. ಕ್ಯಾಸ್ಕ್ ಬಳಸುವವರು, ಬಳಸಲು ಹೊರಟವರು, ತಯಾರಿಸುವವರು ಎಲ್ಲರೂ ತಮ್ಮ ತಮ್ಮ ಪಾತ್ರೆಯ ಲೋಹ, ಲೇಪ, ಎಣ್ಣೆ, ತೊಳೆಯುವ ದ್ರಾವಣಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕಾಯಿತು. ಅವು ಒಂದರೊಡನೊಂದು, ಒಳಗಿನ ಇಂಧನದೊಡನೆ, ಸುತ್ತಲಿನ ನೀರಿನೊಡನೆ ಹೇಗೆ ವರ್ತಿಸುತ್ತವೆ ಎಂಬುದನ್ನು ತುಂಬುವಾಗ, ಇಡುವಾಗ, ಸಾಗಿಸುವಾಗ, ತೆರೆಯುವಾಗ ಪ್ರತಿ ಹಂತದಲ್ಲೂ ಹೇಳಬೇಕಾಯಿತು. 1997ರ ಜನವರಿಯಲ್ಲಿ ಬಂದ, ಕ್ಯಾಸ್ಕ್ ಅರ್ಜಿಗಳನ್ನು ಪರಿಶೀಲಿಸುವವರ ಕೈಪಿಡಿಯಲ್ಲಿ ರಾಸಾಯನಿಕ ಕ್ರಿಯೆಗಳ ಪ್ರಶ್ನೆಗೂ ಜಾಗ ಸಿಕ್ಕಿತು. ಕೆಲಸದ ಜಾಗದಲ್ಲಿ ಬಂದ ಬದಲಾವಣೆ ಇನ್ನೂ ಸರಳ: ವೆಲ್ಡಿಂಗ್‌ಗೆ ಮುನ್ನ ಮುಚ್ಚಳದ ಕೆಳಗಿನ ಗಾಳಿಯಲ್ಲಿ ಹೈಡ್ರೋಜನ್ ಎಷ್ಟಿದೆ ಎಂದು ಅಳೆಯುವುದು, ಆರ್ಗಾನ್‌ನಂಥ ಜಡ ಅನಿಲ ಹಾಯಿಸಿ ಅದನ್ನು ಓಡಿಸುತ್ತಿರುವುದು.

ವಿಎಸ್‌ಸಿ-24ರ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಹಂಡೆಗಳ ಬೆಸುಗೆಯಲ್ಲಿ ಬಿರುಕುಗಳು ಕಂಡುಬಂದವು. ಕಾರಣ ಹುಡುಕಿದಾಗ ಅಲ್ಲೂ ಹೈಡ್ರೋಜನ್ನಿನ ಕೈವಾಡವಿತ್ತು. ಈ ಸಲ ಅದು ಗುಳ್ಳೆಯಾಗಿ ಬರದೆ, ತೇವದಿಂದ ಬೆಸುಗೆಯ ಲೋಹದೊಳಗೇ ಸೇರಿಕೊಂಡು, ಲೋಹವನ್ನು ಪೆಡಸಾಗಿಸಿತ್ತು. 1997ರಲ್ಲಿ ಹೊಸ ಹಂಡೆಗಳನ್ನು ತುಂಬುವುದು ನಿಂತಿತು. ಶ್ರವಣಾತೀತ ತರಂಗಗಳಿಂದ ಬೆಸುಗೆಯ ಒಳಮೈಯನ್ನು ಪರೀಕ್ಷಿಸುವ ವಿಧಾನ ಸಿದ್ಧವಾದ ಮೇಲೆ ಕೆಲಸ ಮತ್ತೆ ಶುರುವಾಯಿತು.

ಸರ್ಕಾರದ 1998ರ ಗಡುವು ಬಂದು ಹೋಯಿತು. ಇಂಧನ ಒಯ್ಯಲು ಯಾರೂ ಬರಲಿಲ್ಲ. ನೆವಾಡಾದ ಯಕ್ಕಾ ಬೆಟ್ಟದಡಿ ಹೂಳುವ ಯೋಜನೆಯೂ ನಡುದಾರಿಯಲ್ಲೇ ನಿಂತಿತು. ಒಟ್ಟು 58 ವಿಎಸ್‌ಸಿ-24 ಕ್ಯಾಸ್ಕ್‌ಗಳನ್ನು ತುಂಬಿದರು: ಅರ್ಕಾನ್ಸಾಸ್ ರಾಜ್ಯದ ಸ್ಥಾವರದಲ್ಲಿ 24, ಪ್ಯಾಲಿಸೇಡ್ಸ್‌ನಲ್ಲಿ 18, ಪಾಯಿಂಟ್ ಬೀಚ್‌ನಲ್ಲಿ 16. 20 ವರ್ಷಕ್ಕೆಂದು ಕೊಟ್ಟ ಪ್ರಮಾಣಪತ್ರವನ್ನು ಆಮೇಲೆ ಇನ್ನೂ 40 ವರ್ಷಕ್ಕೆ ವಿಸ್ತರಿಸಿದರು. ಹಂಡೆಗಳ ಒಳಗೆ ಈಗ ಒಂದು ಹನಿ ನೀರಿಲ್ಲ, ಹೀಲಿಯಂ ಮಾತ್ರ. ಒಣಗಿರುವವರೆಗೆ ಸತು ಸುಮ್ಮನಿರುತ್ತದೆ.

ಎಂದಾದರೂ ಆ ಇಂಧನವನ್ನು ಬೇರೆ ಪಾತ್ರೆಗೆ ಬದಲಿಸಬೇಕಾಗಿ ಬಂದರೆ, ಬೆಸುಗೆ ಕೊಯ್ದು, ಹಂಡೆಗೆ ಮತ್ತೆ ನೀರು ತುಂಬಿ, ಕೊಳಕ್ಕೆ ಇಳಿಸುವವರು 1996ರಲ್ಲಿ ಆ ಪಾಳಿಯಲ್ಲಿದ್ದವರಾಗಿರುವುದಿಲ್ಲ. ಬಹುಶಃ ಆಗ ಹುಟ್ಟಿಯೇ ಇರದವರು. ಬುಲೆಟಿನ್ ಬರೆದವರು ‘ತೆರೆಯುವಾಗ’ ಎಂಬ ಹಂತವನ್ನೂ ಬಿಡದೆ ಸೇರಿಸಿದ್ದು ಅವರಿಗೂ ಬೇಕಾಗುತ್ತದೆ. ಲೇಪ ಇನ್ನೂ ಅಲ್ಲೇ ಇದೆ, 58 ಹಂಡೆಗಳ ಒಳಗೋಡೆಯ ಮೇಲೆ.