ಜಲ್ಲಿ, ಬೇರು ಮತ್ತು ಊರಿನ ಕೊಳಚೆ

ಜೈಪುರ ಹೆದ್ದಾರಿ ದೆಹಲಿಯ ಗಡಿ ದಾಟಿ ಗುರುಗ್ರಾಮ ಸೇರುವ ಮುನ್ನ ರಜೋಕರಿ ಎಂಬ ಹಳ್ಳಿ ಸಿಗುತ್ತದೆ. ಅರಾವಳಿಯ ಕಲ್ಲುನೆಲ. ಈ ಸೀಮೆಯಲ್ಲಿ ಮಳೆನೀರು ನಿಲ್ಲುವ ಊರ ಹೊಂಡವನ್ನು ಜೋಹಡ್ ಎನ್ನುತ್ತಾರೆ. ದನಕರುಗಳಿಗೂ ಬಾವಿಗಳ ಒರತೆಗೂ ಅದೇ ಆಸರೆ. ಮನೆಮನೆಗೆ ನೀರು ಬಂದಮೇಲೆ ಜೋಹಡ್‌ಗಳ ಪಾಡು ಕೆಟ್ಟಿತು. ನೀರಿನ ಜೊತೆಗೆ ಒಳಚರಂಡಿ ಬರಲಿಲ್ಲವಲ್ಲ! ಮಿಂದ ನೀರು, ಬಟ್ಟೆ ಒಗೆದ ನೀರು, ಶೌಚಗುಂಡಿಯಿಂದ ಉಕ್ಕಿದ್ದು ಎಲ್ಲವೂ ಮೋರಿ ಹಿಡಿದು ಊರಿನ ತೀರಾ ತಗ್ಗಿನ ಜಾಗಕ್ಕೇ ಇಳಿಯಿತು. ರಜೋಕರಿಯ ಕೆರೆಯೂ ಹೀಗೆ ಕೊಳಚೆಗುಂಡಿಯಾಗಿತ್ತು.

2018ರಲ್ಲಿ ದೆಹಲಿ ಸರ್ಕಾರ ಆ ಕೆರೆಯನ್ನು ಮತ್ತೆ ರೂಪಿಸಿತು. ದಿನಕ್ಕೆ 6 ಲಕ್ಷ ಲೀಟರ್ ಕೊಳಚೆಯನ್ನು ಶುದ್ಧೀಕರಿಸುವ ವ್ಯವಸ್ಥೆ ಅದು. ಮೊದಲು ನೀರು ಮುಚ್ಚಿದ ತೊಟ್ಟಿಯಲ್ಲಿ ನಿಂತು ಹೂಳನ್ನು ಕೆಳಗೆ ಬಿಡುತ್ತದೆ. ಅಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸುತ್ತವೆ. ಆಮೇಲೆ ನೀರು ಜಲ್ಲಿ ತುಂಬಿದ ಪಾತಿಗಳಲ್ಲಿ ನಿಧಾನವಾಗಿ ಹರಿಯುತ್ತದೆ. ಪಾತಿಯ ಮೇಲೆ ಜೌಗಿನ ಗಿಡಗಳು. ಬಚ್ಚಲ ನೀರನ್ನು ಬಾಳೆ, ಕೆಸುವಿನ ಬುಡಕ್ಕೆ ಬಿಡುತ್ತಿದ್ದ ನಮ್ಮ ಹಿತ್ತಿಲಿನ ರೂಢಿಯೇ ಇಲ್ಲಿ ಲೆಕ್ಕಾಚಾರದ ಮೇಲೆ ನಿಂತಿದೆ.

ಗಿಡವೇ ಕೊಳೆ ಕುಡಿಯುತ್ತದೆ ಎಂದುಕೊಂಡರೆ ಅರ್ಧ ಮಾತ್ರ ಸರಿ. ಹೆಚ್ಚಿನ ಕೆಲಸ ಜಲ್ಲಿಗೂ ಬೇರಿಗೂ ಅಂಟಿಕೊಂಡ ಲೋಳೆಪದರದಲ್ಲಿ ನಡೆಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಸಾವಯವ ಕೊಳೆಯನ್ನು ತಿನ್ನುತ್ತವೆ. ಬೇರುಗಳು ಅವುಗಳಿಗೆ ನೆಲೆ ಕೊಟ್ಟು, ತುಸು ಆಮ್ಲಜನಕವನ್ನೂ ಒದಗಿಸುತ್ತವೆ. ಸಾರಜನಕ, ರಂಜಕದ ಒಂದು ಪಾಲನ್ನು ತಾವು ಹೀರುತ್ತವೆ.

ಇದೇ ವಿದ್ಯೆಯನ್ನು ದೊಡ್ಡದಾಗಿ ಕಾಣಬೇಕೆಂದರೆ ದೆಹಲಿಯೊಳಗಿನ ಪೂಸಾಕ್ಕೆ ಹೋಗಬೇಕು. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ ರವೀಂದರ್ ಕೌರ್ ಮುಂದಾಳತ್ವದಲ್ಲಿ ರೂಪುಗೊಂಡ ಘಟಕ ದಿನಕ್ಕೆ 22 ಲಕ್ಷ ಲೀಟರ್ ಶುದ್ಧೀಕರಿಸುತ್ತದೆ. ಪಕ್ಕದ ವಸತಿಗಳ ಕೊಳಚೆ ಆಪಿನ ಪಾತಿಗಳನ್ನು ಹಾದು ಸಂಸ್ಥೆಯ 132 ಹೆಕ್ಟೇರ್ ಹೊಲಕ್ಕೆ ನೀರಾವರಿಯಾಗುತ್ತದೆ. ಸಾಮಾನ್ಯ ಘಟಕಕ್ಕೆ ಬೇಕಾದ ವಿದ್ಯುತ್ತಿನಲ್ಲಿ ಶೇ 1ರಷ್ಟೂ ಇದಕ್ಕೆ ಬೇಡ ಎನ್ನುತ್ತದೆ ಸಂಸ್ಥೆ. ಕರೆಂಟು ಕೈಕೊಡುವ ಹಳ್ಳಿಗಳಿಗೆ ಇದಕ್ಕಿಂತ ಮುಖ್ಯವಾದ ಗುಣ ಬೇರೊಂದಿಲ್ಲ ಎಂದು ನನ್ನ ಎಣಿಕೆ.

ರಾಜಧಾನಿ ವಲಯಕ್ಕೇ ಸೇರಿದ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣಾಂಶ ಸಂಶೋಧನಾ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಒಂದು ಮೀಟರ್ ಅಗಲದ ದಿಂಡುಗಳ ಮೇಲೆ ನೀಲಗಿರಿಯಂಥ ಮರ, ನಡುವಿನ ಸಾಲಿನಲ್ಲಿ ಕೊಳಚೆ. ತಿನ್ನುವ ಬೆಳೆಯಲ್ಲದ್ದರಿಂದ ರೋಗಾಣು ತಟ್ಟೆಗೆ ಬರುವ ಅಂಜಿಕೆ ಕಡಿಮೆ.

ಈ ಮಾತು ನಮ್ಮೂರುಗಳಿಗೂ ತಾಗುತ್ತದೆ. 2019ರಲ್ಲಿ ಘೋಷಣೆಯಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆನ್ನುತ್ತದೆ. ಬಳಸಿದ ನೀರಿನಲ್ಲಿ ಸುಮಾರು ಶೇ 80 ಕೊಳಚೆಯಾಗಿ ಮರಳುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಅಂದರೆ 5,000 ಜನರ ಊರಿಗೆ ದಿನಕ್ಕೆ 2.2 ಲಕ್ಷ ಲೀಟರ್. ನಲ್ಲಿ ಹಾಕುವ ದಿನವೇ ಇದಕ್ಕೂ ಜಾಗ ಗುರುತಿಸಬೇಕು. ಮನೆಗಳೆದ್ದ ಮೇಲೆ ತಗ್ಗಿನ ನೆಲ ಸಿಗುವುದಿಲ್ಲ.

ಜಲ್ಲಿಪಾತಿಯ ವಿಧಾನಕ್ಕೆ ಜಾಗ ಹೆಚ್ಚು ಬೇಕು. ಕಾರ್ಖಾನೆಯ ವಿಷನೀರಿಗೆ ಇದು ಮದ್ದಲ್ಲ. ಹೊರಬಂದ ನೀರು ಕುಡಿಯಲು, ಹಸಿಯಾಗಿ ತಿನ್ನುವ ಸೊಪ್ಪಿಗೆ ಬಳಸಲು ತಕ್ಕುದಲ್ಲ. ಮೋರಿಯಲ್ಲಿ ಬಂದ ಪ್ಲಾಸ್ಟಿಕ್ ತಡೆಯುವ ಜಾಲರಿಯನ್ನು ಬಳಿಯುತ್ತಿರಬೇಕು, ತೊಟ್ಟಿಯ ಹೂಳನ್ನು ಯಂತ್ರದಿಂದ ತೆಗೆಸಬೇಕು, ಬೆಳೆದ ಗಿಡ ಕತ್ತರಿಸಿ ಸಾಗಿಸಬೇಕು. ಕತ್ತರಿಸದೆ ಬಿಟ್ಟರೆ ಗಿಡ ಅಲ್ಲೇ ಕೊಳೆತು, ಹೀರಿದ್ದನ್ನು ನೀರಿಗೇ ಮರಳಿಸುತ್ತದೆ. ಜಲ್ಲಿಯ ಸಂದು ಕಟ್ಟಿಕೊಂಡರೆ ಕೊಳಚೆ ಮೇಲೆಯೇ ಹರಿದು ಸೊಳ್ಳೆ ಸಾಕುತ್ತದೆ. ಈ ಕೆಲಸ ಮಾಡುವವರಿಗೆ ಕೈಗವಸು, ಗಂಬೂಟು, ತಿಂಗಳ ಸಂಬಳ ಇವಿಷ್ಟನ್ನೂ ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಪಂಚಾಯಿತಿ ಬರೆದಿಡಬೇಕು.