ಬಿಸ್ಕುಟ್ ರೊಟ್ಟಿಯ ರುಚಿಯೂ ಗುಣವೂ

ಮಂಗಳೂರಿನ ಕೊಂಕಣಿಗರ ಮನೆಗಳಲ್ಲಿ ಸಾಯಂಕಾಲದ ಕಾಫಿಯೊಡನೆ ಬರುವ ಬಿಸ್ಕುಟ್ ರೊಟ್ಟಿಯು ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ. ಹೆಸರಿನಲ್ಲಿ ಬಿಸ್ಕತ್ತೂ ಉಂಟು, ರೊಟ್ಟಿಯೂ ಉಂಟು. ವಸ್ತುತಃ ಇದು ಎರಡೂ ಅಲ್ಲ. ಮೈದಾ ಮತ್ತು ಚಿರೋಟಿ ರವೆಗಳ ಕಣಕದೊಳಗೆ ಉದ್ದಿನಬೇಳೆಯ ತರಿ, ತೆಂಗಿನತುರಿ, ಮೆಣಸಿನ ಪುಡಿ, ಇಂಗು, ಕರಿಬೇವುಗಳ ಹೂರಣವನ್ನಿಟ್ಟು ಲಟ್ಟಿಸಿ ಎಣ್ಣೆಯಲ್ಲಿ ಕರಿದ ಪುಟ್ಟ ಪೂರಿಯಿದು.

ಹೆಸರು ಈಚಿನದಾದರೂ ಕ್ರಮವು ಹಳೆಯದು. 16ನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ, ಉಪ್ಪು, ಶುಂಠಿ, ಇಂಗು ಬೆರೆಸಿದ ಉದ್ದಿನ ಹಿಟ್ಟನ್ನು ಗೋಧಿಯ ಕಣಕದಲ್ಲಿ ತುಂಬಿ ಎಣ್ಣೆಯಲ್ಲಿ ಬೇಯಿಸಿದ ಭಕ್ಷ್ಯಕ್ಕೆ ‘ಪೂರಿಕಾ’ ಎಂಬ ಹೆಸರನ್ನು ಹೇಳಿದ್ದಾನೆ. ತೆಂಗಿನಕಾಯಿಯೊಂದನ್ನು ನಮ್ಮ ಕರಾವಳಿಯ ಕಾಣಿಕೆಯೆಂದು ಬಿಟ್ಟರೆ, ಇದು ಬಿಸ್ಕುಟ್ ರೊಟ್ಟಿಯೇ ಅಲ್ಲವೆ? ಅದು ರುಚಿಕರ, ಬಲಕರ, ವಾತಹರ. ಆದರೆ ಗುರು, ಪಿತ್ತವನ್ನೂ ರಕ್ತವನ್ನೂ ಕೆಡಿಸತಕ್ಕದ್ದು ಎಂದು ಅವನ ಮತ. ಗುರುವಾದ ಆಹಾರವನ್ನು ತೃಪ್ತಿಯ ಅರ್ಧದಷ್ಟೇ ಸೇವಿಸಬೇಕೆಂದು ವಾಗ್ಭಟನು ಅದಕ್ಕೆ ಎಷ್ಟೋ ಮುಂಚೆಯೇ ವಿಧಿಸಿದ್ದನು.

ಇಂದಿನ ಲೆಕ್ಕವೂ ಇದಕ್ಕೆ ವಿರುದ್ಧವಾಗಿಲ್ಲ. ಉದ್ದಿನಬೇಳೆಯ ತೂಕದಲ್ಲಿ ಸುಮಾರು ಕಾಲುಭಾಗ ಪ್ರೋಟೀನು. ಆದರೆ ಒಂದು ರೊಟ್ಟಿಯೊಳಗೆ ಅಡಗುವ ಬೇಳೆಯೆಷ್ಟು! ಹಿಟ್ಟಿನ ಪ್ರತಿ ಗ್ರಾಮು ಸುಮಾರು 4 ಕ್ಯಾಲೊರಿಗಿಂತ ಕಡಿಮೆ ಕೊಟ್ಟರೆ, ಹೀರಿಕೊಂಡ ಎಣ್ಣೆಯ ಪ್ರತಿ ಗ್ರಾಮು 9 ಕೊಡುತ್ತದೆ. ಮಧುಮೇಹವುಳ್ಳ ಹಿರಿಯರು “ಇದೇನು ಸಿಹಿಯಲ್ಲವಷ್ಟೆ” ಎಂದು ತಟ್ಟೆಗೆ ಕೈನೀಡುವುದನ್ನು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಮೈದಾವು ಜೀರ್ಣವಾಗಿ ಸಕ್ಕರೆಯೇ ಆಗುವುದೆಂಬುದನ್ನು ನಾಲಗೆಯು ತಿಳಿಸುವುದಿಲ್ಲ. ಅಂಥವರಿಗೆ ಒಂದೋ ಎರಡೋ ಸಾಕು. ಎಣಿಸಿ ಬಡಿಸುವ ಗೃಹಿಣಿಯನ್ನು ಜಿಪುಣಿಯೆನ್ನುವ ಮಹನೀಯರು ಸ್ವಲ್ಪ ಯೋಚಿಸಬೇಕು.

ಕರಿಯುವಲ್ಲಿ ಕೌಶಲವೆಲ್ಲವೂ ಉರಿಯದು. ಉರಿ ತೀಕ್ಷ್ಣವಾದರೆ ಹೊರಮೈ ಕೆಂಪೇರಿ ಒಳಗಿನ ತೇವವು ಹಾಗೆಯೇ ನಿಂತು, ರೊಟ್ಟಿಯು ಬೇಗನೆ ಮೆತ್ತಗಾಗುವುದು. ತೀರ ಮಂದವಾದರೆ ಎಣ್ಣೆಯನ್ನು ಕುಡಿಯುವುದು. ಹೂರಣದ ತೆಂಗಿನತುರಿಯನ್ನು ಮೊದಲೇ ಹುರಿದು ಒಣಗಿಸದಿದ್ದಲ್ಲಿ ಆಟಿಯ ಮಳೆಯಲ್ಲಿ ಡಬ್ಬದೊಳಗಿದ್ದರೂ ಅದು ಕೆಡುವುದು ಖಂಡಿತ.

ಉಳಿದ ಎಣ್ಣೆಯ ವಿಷಯದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಕೊಟ್ಟ ಸೂಚನೆಯು ಸ್ಪಷ್ಟವಾಗಿದೆ: ಸೋಸಿ ಪಲ್ಯ ಸಾರುಗಳ ಒಗ್ಗರಣೆಗೆ ಒಂದೆರಡು ದಿನಗಳಲ್ಲಿ ಮುಗಿಸಬಹುದು, ಮರಳಿ ಕರಿಯುವುದಕ್ಕೆ ಬಳಸಬಾರದು. ಅಂಗಡಿಯ ಪೊಟ್ಟಣವನ್ನು ಕೊಳ್ಳುವವರು ತಯಾರಿಸಿದ ದಿನಾಂಕವನ್ನು ನೋಡಿ, ಬಿಚ್ಚಿದೊಡನೆ ಮೂಸಿ ನೋಡಲಿ. ಕಮಟು ವಾಸನೆ ಬಂದರೆ ಮಕ್ಕಳ ಕೈಗೆ ಕೊಡದಿರಲಿ.