ಟ್ರ್ಯಾಕ್ಟರ್ ಎಂಜಿನಿನಿಂದ ಎಣ್ಣೆ ಸೋರುವುದು: ಕಾರಣದ ಪತ್ತೆ ಮತ್ತು ದುರಸ್ತಿ

ಮಾನ್ವಿ ತಾಲ್ಲೂಕಿನಲ್ಲಿ ಕಾಲುವೆಯ ಕೊನೆಯ ಭಾಗದ ಗ್ರಾಮಗಳಿಗೆ ಭತ್ತದ ಗದ್ದೆ ಕೆಸರು ಮಾಡುವ ಕಾಲ ಬಹಳ ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೇಲ್ಭಾಗದ ಗದ್ದೆಗಳನ್ನು ದಾಟಿ ಇಲ್ಲಿಗೆ ತಲುಪುವ ಹೊತ್ತಿಗೆ ಸಸಿಮಡಿಯಲ್ಲಿನ ಸಸಿಗಳ ವಯಸ್ಸು ಮೀರುತ್ತಿರುತ್ತದೆ. ಅಂತಹ ಸಮಯದಲ್ಲಿ ಟ್ರ್ಯಾಕ್ಟರ್ ನಾಲ್ಕು ದಿನ ನಿಂತರೆ ನಾಟಿ ತಡವಾಗುತ್ತದೆ, ತೆಂಡೆಗಳು ಕಡಿಮೆಯಾಗುತ್ತವೆ, ಇಳುವರಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹೀಗೆ ನಡುಗದ್ದೆಯಲ್ಲಿ ನಿಂತುಹೋಗುವ ಎಂಜಿನುಗಳಲ್ಲಿ ಕೆಲವು ಹಲವು ತಿಂಗಳು ಮೊದಲೇ ಮುನ್ಸೂಚನೆ ಕೊಟ್ಟಿರುತ್ತವೆ. ಟ್ರ್ಯಾಕ್ಟರ್ ನಿಲ್ಲಿಸಿದ ಜಾಗದಲ್ಲಿ ನೆಲದ ಮೇಲೆ ಕಾಣುವ ಕಪ್ಪು ಕಲೆಯೇ ಆ ಮುನ್ಸೂಚನೆ.

ಹಳೆಯ ಟ್ರ್ಯಾಕ್ಟರ್ ಎಂದ ಮೇಲೆ ಸ್ವಲ್ಪ ಎಣ್ಣೆ ಸೋರುವುದು ಸಹಜವೆಂದು ಬಹಳಷ್ಟು ರೈತರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಈ ಸ್ವಲ್ಪ ಎಷ್ಟೆಂಬುದು ತಿಳಿಯುತ್ತದೆ. ಸುಮಾರು 20 ಹನಿಗೆ 1 ಮಿ.ಲೀ. ಎಂದು ಹಿಡಿದು, ಎರಡು ಸೆಕೆಂಡಿಗೆ ಒಂದು ಹನಿ ಬೀಳುತ್ತದೆಂದು ಇಟ್ಟುಕೊಂಡರೆ ಗಂಟೆಗೆ 1,800 ಹನಿ, ಅಂದರೆ 90 ಮಿ.ಲೀ. ಆಗುತ್ತದೆ. ದಿನಕ್ಕೆ 10 ಗಂಟೆ ದುಡಿದರೆ ಇದು ಸುಮಾರು 900 ಮಿ.ಲೀ. ಎಣ್ಣೆ ಬದಲಿಸುವ ಅವಧಿ 250 ಗಂಟೆಯಾಗಿದ್ದರೆ ಅಷ್ಟರೊಳಗೆ 22 ಲೀಟರಿಗಿಂತ ಹೆಚ್ಚು ಎಣ್ಣೆ ನೆಲದ ಪಾಲಾಗುತ್ತದೆ. ಮಧ್ಯಮ ಗಾತ್ರದ ಟ್ರ್ಯಾಕ್ಟರಿನ ಎಂಜಿನಿಗೆ ಒಮ್ಮೆ ಹಾಕುವ ಎಣ್ಣೆ ಸಾಮಾನ್ಯವಾಗಿ 6ರಿಂದ 9 ಲೀಟರ್ ಮಾತ್ರ. ಹೀಗಿರುವಾಗ ಎರಡು ಮೂರು ದಿನ ಗೇಜ್ ಕಡ್ಡಿ ನೋಡುವುದನ್ನು ಮರೆತರೂ ಬೇರಿಂಗ್ ಹಿಡಿದುಕೊಳ್ಳುವ ಸಂಭವ ಉಂಟು.

ಸೋರುತ್ತಿರುವುದು ಯಾವ ಎಣ್ಣೆ?

ಎಂಜಿನಿನ ಕೆಳಗೆ ಬಿದ್ದ ಹನಿಗಳೆಲ್ಲ ಎಂಜಿನ್ ಎಣ್ಣೆಯೇ ಆಗಿರಬೇಕೆಂದಿಲ್ಲ. ಹಳೆಯ ಬಿಳಿ ರಟ್ಟನ್ನು ರಾತ್ರಿ ಟ್ರ್ಯಾಕ್ಟರಿನ ಕೆಳಗೆ ಹಾಸಿ, ಬೆಳಿಗ್ಗೆ ಕಲೆಯನ್ನು ಪರೀಕ್ಷಿಸಬೇಕು. ಡೀಸೆಲ್ ಎಂಜಿನಿನಲ್ಲಿ ಬಳಕೆಯಾದ ಎಣ್ಣೆ ಕಪ್ಪಾಗಿರುತ್ತದೆ. ಗೇರು ಮತ್ತು ಹೈಡ್ರಾಲಿಕ್ ಎಣ್ಣೆ ಜೇನಿನ ಬಣ್ಣದಲ್ಲಿದ್ದು, ಕೆಸರು ಗದ್ದೆಯಲ್ಲಿ ನೀರು ಸೇರಿದ್ದರೆ ಮಜ್ಜಿಗೆಯಂತೆ ಬೆಳ್ಳಗಾಗಿರುತ್ತದೆ. ಡೀಸೆಲ್ ತೆಳುವಾಗಿದ್ದು ವಾಸನೆಯಿಂದಲೇ ತಿಳಿಯುತ್ತದೆ.

ಇನ್ನೊಂದು ವಿಷಯಕ್ಕೆ ವಿಶೇಷ ಗಮನ ಕೊಡಬೇಕು. ಹೊರಗೆ ಸೋರುತ್ತಿದ್ದರೂ ಗೇಜ್ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಇಳಿಯದೆ, ಬದಲಿಗೆ ಏರುತ್ತಿದ್ದರೆ ಒಳಗೆ ಡೀಸೆಲ್ ಅಥವಾ ನೀರು ಸೇರುತ್ತಿದೆ ಎಂದರ್ಥ. ಡೀಸೆಲನ್ನು ಎತ್ತಿಕೊಡುವ ಫೀಡ್ ಪಂಪಿನ ಡಯಾಫ್ರಾಮ್ ಹರಿದರೆ ಡೀಸೆಲ್ ನೇರವಾಗಿ ಎಂಜಿನ್ ಚೇಂಬರಿಗೆ ಇಳಿಯುತ್ತದೆ. ತೆಳುವಾದ ಎಣ್ಣೆ ಒಳ್ಳೆಯ ಪ್ಯಾಕಿಂಗಿನಿಂದಲೂ ಜಿನುಗುತ್ತದೆ, ಬೇರಿಂಗುಗಳಿಗೂ ರಕ್ಷಣೆ ಸಿಗುವುದಿಲ್ಲ. ಕಡ್ಡಿಯ ಎಣ್ಣೆಯನ್ನು ಬೆರಳಿನಲ್ಲಿ ಉಜ್ಜಿ, ಮೂಸಿ ನೋಡಬೇಕು. ಡೀಸೆಲ್ ವಾಸನೆ ಬಂದರೆ ಅಥವಾ ಎಣ್ಣೆ ಬೆಳ್ಳಗಾಗಿದ್ದರೆ ಆ ಎಂಜಿನನ್ನು ದುರಸ್ತಿಯಾಗುವವರೆಗೆ ಚಾಲೂ ಮಾಡಬಾರದು.

ತೊಳೆಯದೆ ಮೂಲ ಸಿಗುವುದಿಲ್ಲ

ಎಣ್ಣೆ ಹನಿಯುವ ಜಾಗವೇ ಸೋರುವ ಜಾಗವಲ್ಲ. ಮೇಲಿನಿಂದ ಜಿನುಗಿದ ಎಣ್ಣೆ ಬ್ಲಾಕಿನ ಮೈಮೇಲೆ ಇಳಿಯುತ್ತದೆ. ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಕೊನೆಗೆ ಅದು ಚೇಂಬರಿನ ಹಿಂಬದಿಯ ಅಂಚಿನಲ್ಲಿ ಹನಿಯಾಗಿ ಬೀಳುತ್ತದೆ. ಆ ಹನಿಯನ್ನು ನೋಡಿ ಚೇಂಬರ್ ಪ್ಯಾಕಿಂಗ್ ಬದಲಿಸುವುದು, ಪೈರಿನ ಎಲೆ ಹಳದಿಯಾದಾಗಲೆಲ್ಲ ಯೂರಿಯಾ ಎರಚಿದಂತೆಯೇ ಸರಿ. ಕರಿಮಣ್ಣಿನಲ್ಲಿ ನೀರು ನಿಂತು ಹತ್ತಿ ಹಳದಿಯಾಗಿದ್ದರೆ ಯೂರಿಯಾ ಏನು ಮಾಡೀತು?

ಎಂಜಿನ್ ಪೂರ್ಣ ತಣ್ಣಗಾದ ನಂತರ ಗಾಳಿ ಒಳಹೋಗುವ ಬಾಯಿ, ಆಲ್ಟರ್ನೇಟರ್ ಮತ್ತು ಸ್ಟಾರ್ಟರುಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ಜಿಡ್ಡುಗಟ್ಟಿದ ಮಣ್ಣನ್ನು ಮರದ ಚಕ್ಕೆಯಿಂದ ಕೆರೆದು, ಬ್ರಷ್ಷಿನಿಂದ ಸ್ವಲ್ಪ ಡೀಸೆಲ್ ಹಚ್ಚಿ, ಬಳಿಕ ಸೋಪಿನ ಪುಡಿ ಕಲಸಿದ ನೀರಿನಿಂದ ತೊಳೆಯಬೇಕು. ಕಾಲುವೆಯ ದಡದಲ್ಲಿ ಈ ಕೆಲಸ ಬೇಡ. ಒರೆಸಿ ಒಣಗಿದ ಮೇಲೆ ಅನುಮಾನವಿರುವ ಜೋಡಣೆಗಳ ಸುತ್ತ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಹಚ್ಚಬೇಕು. ಕಾಲು ಗಂಟೆ ಕಡಿಮೆ ವೇಗದಲ್ಲಿ ಓಡಿಸಿ ನಿಲ್ಲಿಸಿ ನೋಡಬೇಕು. ಏನೂ ಕಾಣದಿದ್ದರೆ ಅರ್ಧ ಗಂಟೆ ಕೆಲಸಕ್ಕೆ ಹಚ್ಚಿ ಮತ್ತೆ ನೋಡಬೇಕು. ಕೆಲವು ಸೋರಿಕೆಗಳು ಎಣ್ಣೆ ಕಾದು ಒತ್ತಡ ಬಂದ ಮೇಲಷ್ಟೇ ಹೊರಬೀಳುತ್ತವೆ. ಪುಡಿ ಕಪ್ಪಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ ಮತ್ತು ಎಲ್ಲಕ್ಕಿಂತ ಮುಂದಿನ ಜಾಗವೇ ಸಾಮಾನ್ಯವಾಗಿ ಸೋರಿಕೆಯ ಮೂಲ. ಎಂಜಿನ್ ಓಡುತ್ತಿರುವಾಗ ಫ್ಯಾನ್ ಬೆಲ್ಟಿನ ಬಳಿ ಕೈ, ಟವೆಲ್ ಒಯ್ಯಬಾರದು.

ಬ್ರೀದರ್ ಕಟ್ಟಿದರೆ ಎಲ್ಲೆಡೆ ಸೋರಿಕೆ

ಒಂದು ಕಡೆ ಪ್ಯಾಕಿಂಗ್ ಬದಲಿಸಿದರೆ ಇನ್ನೊಂದು ಕಡೆ ಸೋರುತ್ತದೆ, ಹೊಸ ಸೀಲು ಒಂದು ಹಂಗಾಮೂ ಬಾಳುವುದಿಲ್ಲ ಎಂಬ ದೂರು ಸಾಮಾನ್ಯ. ಇಂತಹ ಪ್ರಸಂಗಗಳಲ್ಲಿ ಬಿಡಿಭಾಗ ಕಳಪೆಯೆಂದು ಅಂಗಡಿಯವರನ್ನು ದೂರುವ ಮೊದಲು ಬ್ರೀದರನ್ನು ಪರೀಕ್ಷಿಸಬೇಕು.

ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗ ಉಂಟಾಗುವ ಅನಿಲದ ಸ್ವಲ್ಪ ಭಾಗ ರಿಂಗುಗಳ ಸಂದಿಯಿಂದ ಕೆಳಗಿಳಿದು ಚೇಂಬರಿಗೆ ಬರುತ್ತದೆ. ಹೊಸ ಎಂಜಿನಿನಲ್ಲೂ ಇದು ತಪ್ಪಿದ್ದಲ್ಲ. ಈ ಅನಿಲ ಹೊರಹೋಗಲೆಂದೇ ಬ್ರೀದರ್ ಎಂಬ ಉಸಿರುಕೊಳವೆ ಇದೆ. ಅದು ಕಟ್ಟಿದರೆ ಚೇಂಬರಿನೊಳಗೆ ಒತ್ತಡ ಬೆಳೆದು, ಎಲ್ಲಿ ದುರ್ಬಲವಾದ ಜೋಡಣೆ ಇದೆಯೋ ಅಲ್ಲಿಂದ ಎಣ್ಣೆಯನ್ನು ಹೊರದಬ್ಬುತ್ತದೆ. ರಾಯಚೂರು ಜಿಲ್ಲೆಯಲ್ಲಿ ಬ್ರೀದರ್ ಕಟ್ಟಲು ಎರಡು ದಾರಿಗಳಿವೆ. ಮಾನ್ವಿಯ ಭತ್ತದ ಗದ್ದೆಗಳಲ್ಲಿ ಕೇಜ್ ವೀಲ್ ಎರಚುವ ಕೆಸರು, ಕೆಳಮುಖವಾಗಿರುವ ಕೊಳವೆಯ ತುದಿಗೆ ಮೆತ್ತಿಕೊಂಡು ಒಣಗುತ್ತದೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಸಿಗದ ಒಣ ಭೂಮಿಯಲ್ಲಿ ತೊಗರಿ, ಜೋಳದ ರಾಶಿ ಮಾಡುವಾಗ ಟ್ರ್ಯಾಕ್ಟರ್ ಒಂದೇ ಜಾಗದಲ್ಲಿ ನಿಂತು ಗಂಟೆಗಟ್ಟಲೆ ಧೂಳು, ಹೊಟ್ಟಿನ ನಡುವೆ ಓಡುತ್ತದೆ. ಆ ಧೂಳು ಎಣ್ಣೆಯ ಆವಿಗೆ ಅಂಟಿ ಕೊಳವೆಯ ಬಾಯಲ್ಲಿ ಹಾಗೂ ಬ್ರೀದರಿನ ಜಾಲರಿಯಲ್ಲಿ ಡಾಂಬರಿನಂತೆ ಗಟ್ಟಿಯಾಗುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾದ ಮೇಲೆ ಕಡಿಮೆ ವೇಗದಲ್ಲಿ ಬಿಟ್ಟು, ಪಕ್ಕಕ್ಕೆ ನಿಂತು, ಎಣ್ಣೆ ಹಾಕುವ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಬೇಕು. ಮುಚ್ಚಳ ತೆಗೆದ ಕೂಡಲೆ ಬುಸ್ಸೆಂದು ಗಾಳಿ ಬಂದು, ಅನಂತರ ತೆಳು ಆವಿ ಮಾತ್ರ ಉಳಿದರೆ ಬ್ರೀದರ್ ಕಟ್ಟಿದೆ, ರಿಂಗುಗಳು ಬಹುಮಟ್ಟಿಗೆ ಚೆನ್ನಾಗಿವೆ ಎಂದು ತಿಳಿಯಬಹುದು. ಬ್ರೀದರನ್ನು ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ನೆನೆಸಿ, ತೊಳೆದು ಒಣಗಿಸಿ ಕೂಡಿಸಿದರೆ ಸಾಕು. ಖರ್ಚಿಲ್ಲದ ಈ ಒಂದೇ ಕೆಲಸದಿಂದ ಸೋರಿಕೆ ನಿಂತುಹೋಗುವುದೂ ಉಂಟು.

ಬ್ರೀದರ್ ತೊಳೆದ ಮೇಲೂ ಮುಚ್ಚಳದ ಬಾಯಿಂದ ಬಿಡದೆ ಪುಸುಪುಸು ಹೊಗೆ ಬರುತ್ತಿದ್ದರೆ ರಿಂಗು, ಲೈನರುಗಳು ಸವೆದಿವೆ. ಆಗ ಹೊರಗಿನ ಸೀಲು ಬದಲಿಸುವುದರಿಂದ ಪ್ರಯೋಜನವಿಲ್ಲ. ಸವೆತಕ್ಕೆ ಕಾರಣವನ್ನು ಏರ್ ಕ್ಲೀನರಿನಲ್ಲಿ ಹುಡುಕಬೇಕು. ಏರ್ ಕ್ಲೀನರಿನಿಂದ ಎಂಜಿನಿಗೆ ಹೋಗುವ ರಬ್ಬರ್ ಕೊಳವೆ ಬಿರುಕುಬಿಟ್ಟಿದ್ದರೆ ಅಥವಾ ಅದರ ಕ್ಲಿಪ್ ಸಡಿಲವಾಗಿದ್ದರೆ ಧೂಳು ಶೋಧನೆಯಾಗದೆ ನೇರವಾಗಿ ಸಿಲಿಂಡರಿಗೆ ಹೋಗಿ ಉಪ್ಪುಕಾಗದದಂತೆ ಉಜ್ಜುತ್ತದೆ. ಎಣ್ಣೆ ಬಟ್ಟಲು ಇರುವ ಏರ್ ಕ್ಲೀನರನ್ನು ರಾಶಿಯ ದಿನಗಳಲ್ಲಿ ಪ್ರತಿ 8ರಿಂದ 10 ಗಂಟೆಗೊಮ್ಮೆ ನೋಡಿ, ತಳದಲ್ಲಿ ಮಣ್ಣು ಕೂತಿದ್ದರೆ ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ತುಂಬಬೇಕು.

ಎರಡು ತಪ್ಪು ರೂಢಿಗಳು

ಹೇಗೂ ಸೋರುತ್ತದೆಂದು ಕೆಲವು ಚಾಲಕರು ಮೇಲಿನ ಗುರುತಿಗಿಂತ ಹೆಚ್ಚು ಎಣ್ಣೆ ಸುರಿಯುತ್ತಾರೆ. ತಿರುಗುವ ಕ್ರ್ಯಾಂಕ್ ಈ ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ. ಸೋರಿಕೆ ಇನ್ನಷ್ಟು ಹೆಚ್ಚುತ್ತದೆ. ಟ್ರ್ಯಾಕ್ಟರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿಯನ್ನು ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡಬೇಕು. ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಎರಡನೆಯದು, ಸೋರಿಕೆ ನಿಲ್ಲಿಸಲು ಕಂಪನಿ ಹೇಳಿದ್ದಕ್ಕಿಂತ ದಪ್ಪ ಎಣ್ಣೆ ಹಾಕುವುದು. ಬೆಳಗಿನ ತಣ್ಣನೆಯ ಎಂಜಿನಿನಲ್ಲಿ ದಪ್ಪ ಎಣ್ಣೆ ಬೇರಿಂಗು, ರಾಕರುಗಳಿಗೆ ತಲುಪುವುದು ತಡವಾಗಿ, ಸವೆತ ಹೆಚ್ಚುತ್ತದೆ.

ಜೋಡಣೆಗಳ ದುರಸ್ತಿ

ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬಿಸಿಗೆ ಒಣಗಿ ಗಡುಸಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಇದು ಇನ್ನೂ ಬೇಗ. ಸೋರಿತೆಂದು ನಟ್ಟನ್ನು ಬಲವಾಗಿ ಬಿಗಿದರೆ ತಗಡಿನ ಕವರು ಬಾಗಿ, ನಟ್ಟಿನ ಬಳಿ ಒತ್ತಿಕೊಂಡು ನಡುವೆ ಬಾಯಿ ಬಿಡುತ್ತದೆ. ಕವರು ತೆಗೆದು, ಅಂಚನ್ನು ಗಾಜಿನ ಮೇಲಿಟ್ಟು ಸಮವಾಗಿದೆಯೇ ನೋಡಿ, ಹಳೆಯ ಪ್ಯಾಕಿಂಗಿನ ಚೂರು ಒಳಗೆ ಬೀಳದಂತೆ ಕೆರೆದು, ಹೊಸದನ್ನು ಕೂಡಿಸಿ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಚೇಂಬರಿಗೂ ಇದೇ ಕ್ರಮ. ಟ್ಯೂಬಿನ ಅಂಟನ್ನು ಧಾರಾಳವಾಗಿ ಮೆತ್ತುವುದು ಅಪಾಯಕರ. ಒಳಗೆ ಹಿಂಡಿಕೊಂಡ ಅಂಟು ಕಳಚಿ, ಚೇಂಬರಿನ ತಳದಲ್ಲಿರುವ ಜಾಲರಿಗೆ ಸಿಕ್ಕಿ ಎಣ್ಣೆಯ ಹರಿವನ್ನೇ ತಡೆಯಬಹುದು.

ಡ್ರೈನ್ ನಟ್ಟಿನ ತಾಮ್ರದ ವಾಷರನ್ನು ಎಣ್ಣೆ ಬದಲಿಸುವಾಗಲೆಲ್ಲ ಹೊಸದು ಹಾಕುವುದು ಒಳ್ಳೆಯದು. ಆಯಿಲ್ ಫಿಲ್ಟರ್ ಬದಲಿಸಿದ ಮರುದಿನವೇ ಎಣ್ಣೆ ಸುರಿಯತೊಡಗಿದರೆ ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಅಲ್ಲೇ ಅಂಟಿಕೊಂಡಿದೆಯೇ ನೋಡಬೇಕು. ಎರಡು ಉಂಗುರ ಕೂಡಿದರೆ ಫಿಲ್ಟರ್ ಭದ್ರವಾಗಿ ಕೂಡುವುದಿಲ್ಲ. ತಿರುಗಿಸಿ ಹಾಕುವ ಫಿಲ್ಟರನ್ನು ಉಂಗುರ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು.

ಮುಂದಿನ ಕ್ರ್ಯಾಂಕ್ ಪುಲ್ಲಿಯ ಹಿಂದೆ ಸೋರುತ್ತಿದ್ದರೆ ಆಯಿಲ್ ಸೀಲ್ ಹೋಗಿದೆ. ಹೊಸ ಸೀಲು ಹಾಕುವ ಮೊದಲು ಸೀಲು ಉಜ್ಜುವ ಭಾಗವನ್ನು ಉಗುರಿನಿಂದ ಸವರಿ ನೋಡಬೇಕು. ಅಲ್ಲಿ ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಮೆಕ್ಯಾನಿಕ್ ಅದಕ್ಕೆ ತೆಳು ತೋಳು ಹಾಕಬಹುದು, ಇಲ್ಲವೆ ಆ ಭಾಗವನ್ನೇ ಬದಲಿಸಬಹುದು.

ಕ್ಲಚ್ ಹೌಸಿಂಗಿನಿಂದ ಹನಿ

ಎಂಜಿನ್ ಮತ್ತು ಗೇರ್ ಪೆಟ್ಟಿಗೆಯ ನಡುವಿನ ಕ್ಲಚ್ ಹೌಸಿಂಗಿನ ತಳದಲ್ಲಿ ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ಬರುವ ಎಣ್ಣೆ ಕಪ್ಪಾಗಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್, ಜೇನಿನ ಬಣ್ಣವಿದ್ದರೆ ಗೇರ್ ಪೆಟ್ಟಿಗೆಯ ಸೀಲ್ ಕೆಟ್ಟಿದೆಯೆಂದು ಅನುಮಾನಿಸಬೇಕು. ಎರಡಕ್ಕೂ ಟ್ರ್ಯಾಕ್ಟರನ್ನು ನಡುವೆ ಬಿಡಿಸಲೇಬೇಕಾದುದರಿಂದ ಇದು ನುರಿತ ಮೆಕ್ಯಾನಿಕರ ಕೆಲಸ. ಆದುದರಿಂದಲೇ, ಟ್ಯಾಪೆಟ್ ಕವರಿನ ಹಿಂಬದಿಯಿಂದ ಇಲ್ಲವೆ ಆಯಿಲ್ ಪ್ರೆಶರ್ ಪೈಪಿನಿಂದ ಇಳಿದ ಎಣ್ಣೆ ಇಲ್ಲಿಗೆ ಬಂದಿಲ್ಲವೆಂದು ಖಚಿತವಾಗುವವರೆಗೆ ಬಿಡಿಸಲು ಒಪ್ಪಬಾರದು.

ಕೆಸರು ಗದ್ದೆಗೆ ಇಳಿಸುವಾಗ ಮಣ್ಣುನೀರು ಒಳಸೇರದಂತೆ ಕೆಲವರು ಈ ರಂಧ್ರಕ್ಕೆ ಬಿರಡೆ ಹಾಕುತ್ತಾರೆ. ಅದು ಯೋಗ್ಯವೇ. ಆದರೆ ಕೆಲಸ ಮುಗಿದ ಮೇಲೆ ತೆಗೆಯದೆ ಬಿಟ್ಟರೆ ಸೋರಿದ ಎಣ್ಣೆ ಒಳಗೇ ನಿಂತು, ಕ್ಲಚ್ ಪ್ಲೇಟು ನೆನೆದು ಜಾರುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ಕಾರು, ಜೀಪುಗಳಿಗೂ ಇದೇ ಪರೀಕ್ಷಾಕ್ರಮ ಅನ್ವಯಿಸುತ್ತದೆ. ಅವುಗಳಲ್ಲಿ ಬ್ರೀದರಿನ ಅನಿಲವನ್ನು ಬಹುಮಟ್ಟಿಗೆ ರಬ್ಬರ್ ಕೊಳವೆಯ ಮೂಲಕ ಎಂಜಿನಿಗೇ ಹಿಂದಿರುಗಿಸಿರುತ್ತಾರೆ; ಆ ಕೊಳವೆ ಹಾಗೂ ಅದರ ವಾಲ್ವನ್ನು ನೋಡಬೇಕು. ಹೊಲದ ದಾರಿಯಲ್ಲಿ ಓಡಾಡುವ ಕಾರಿನ ಚೇಂಬರು ಕಲ್ಲಿಗೆ ತಾಗಿ ನಗ್ಗಿರುವುದೂ ಉಂಟು.

ತೆಗೆದ ಹಳೆಯ ಎಣ್ಣೆಯನ್ನು ಬದುವಿಗೆ, ಹೊಲಗಾಲುವೆಗೆ ಸುರಿಯಬಾರದು. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯಕ್ಕೆ ಸೇರಿದೆ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಅಧಿಕೃತ ಮರುಸಂಸ್ಕರಣೆದಾರರಿಗೆ ಎಣ್ಣೆ ಕಳಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಬೇಕು.

ಬ್ರೀದರ್, ಟ್ಯಾಪೆಟ್ ಕವರ್, ಫಿಲ್ಟರುಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಹಿಂದಿನ ಸೀಲು, ರಿಂಗು, ಲೈನರುಗಳ ಕೆಲಸಕ್ಕೆ ದಿನಗಳು ಬೇಕು. ಅದನ್ನು ಮೇ ತಿಂಗಳಲ್ಲಿ, ಕಾಲುವೆಗೆ ನೀರು ಬರುವ ಮೊದಲೇ ಮುಗಿಸಿಕೊಳ್ಳಬೇಕು. ಹಂಗಾಮಿನ ನಡುವೆ ಸೋರಿಕೆ ಕಂಡರೆ ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಹೊತ್ತೂ ಕಡ್ಡಿ ನೋಡಿ ಎಣ್ಣೆ ತುಂಬಿ ಕೆಲಸ ಸಾಗಿಸಬಹುದು. ಆದರೆ ಆಯಿಲ್ ಪ್ರೆಶರಿನ ಕೆಂಪು ದೀಪ ಹತ್ತಿದರೆ ಅಥವಾ ಮುಳ್ಳು ಇಳಿದರೆ ಮಡಿಯ ಸಾಲು ಮುಗಿಯಲೆಂದು ಕಾಯದೆ ಅಲ್ಲೇ ಎಂಜಿನ್ ಬಂದ್ ಮಾಡಬೇಕು.